ಕೆಂಪಾಗಿಯೇ ಇರಬೇಕಿದ್ದ ಮೂರು ಪರೀಕ್ಷೆಗಳು

ವೆಬ್ ಪುಟದಲ್ಲಿ ಯಾವ ಬಟನ್ ಎಲ್ಲಿದೆ ಎಂದು ಯಂತ್ರಕ್ಕೆ ಹೇಳಿಕೊಡುವುದು ಹನ್ನೊಂದು ವರ್ಷ ನನ್ನ ಉದ್ಯೋಗವಾಗಿತ್ತು. ಈಗ ಬಿಟ್ಟಿದ್ದೇನೆ. ಮೂವತ್ತೈದಕ್ಕೇ ನಿವೃತ್ತಿ ಎಂದರೆ ದೆಹಲಿಯ ಜನಕಪುರಿಯ ನಮ್ಮ ಬ್ಲಾಕಿನಲ್ಲಿ ಯಾರೂ ನಂಬುವುದಿಲ್ಲ. ಮದುವೆ ಗೊತ್ತಾಗಿರಬೇಕು ಎಂದುಕೊಳ್ಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ನಾನು ಓದಿದ ಕಾಲೇಜಿನ ಇಬ್ಬರು ಹುಡುಗಿಯರು ಈ ವರ್ಷ ಇದೇ ಕೆಲಸಕ್ಕೆ ಸೇರಿದ್ದಾರೆ. ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿದರು. ಫೋನಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೋಯ್ಡಾದ ನಮ್ಮ ಕಂಪನಿ ಕ್ಲಿನಿಕ್ಕುಗಳಿಗಾಗಿ ಒಂದು ಜಾಲತಾಣ ನಡೆಸುತ್ತಿತ್ತು. ರೋಗಿಗಳು ಅದರಲ್ಲಿ ವೈದ್ಯರನ್ನು ಆರಿಸಿ, ದಿನ ಗೊತ್ತುಮಾಡಿ, 'ಖಚಿತಪಡಿಸಿ' ಎಂಬ ಬಟನ್ ಒತ್ತಿದರೆ ಭೇಟಿ ನಿಗದಿಯಾಗುತ್ತಿತ್ತು. ಪ್ರೋಗ್ರಾಮರುಗಳು ಎಲ್ಲೋ ಒಂದು ಸಾಲು ಬದಲಿಸಿದರೂ ಇಡೀ ತಾಣವನ್ನು ಮೊದಲಿನಿಂದ ಪರೀಕ್ಷಿಸಬೇಕು. ಮೊದಲು ಅದನ್ನು ಮನುಷ್ಯರು ಕೈಯಿಂದ ಮಾಡುತ್ತಿದ್ದರು. ನಾವು ಬಂದ ಮೇಲೆ ಯಂತ್ರ ತಾನೇ ಬ್ರೌಸರ್ ತೆರೆದು, ಹೆಸರು ತುಂಬಿ, ಬಟನ್ ಒತ್ತಿ ನೋಡುವಂತೆ ಪರೀಕ್ಷೆಗಳನ್ನು ಬರೆದೆವು. ಪರೀಕ್ಷೆ ಸರಿಹೋದರೆ ಹಸಿರು, ತಪ್ಪಿದರೆ ಕೆಂಪು.

ಕಷ್ಟ ಇರುವುದು ಒತ್ತುವುದರಲ್ಲಲ್ಲ, ಹುಡುಕುವುದರಲ್ಲಿ. ಮನುಷ್ಯರಿಗೆ 'ಆ ಕೆಳಗಿನ ನೀಲಿ ಬಟನ್' ಎಂದರೆ ಸಾಕು. ಯಂತ್ರಕ್ಕೆ ವಿಳಾಸ ಬೇಕು. ಮೊದಲ ವರ್ಷ ನಾನು ಬರೆದ ವಿಳಾಸಗಳು ದಾರಿ ಹೇಳಿದಂತಿದ್ದವು: ಪುಟದ ಎರಡನೇ ಚೌಕದೊಳಗೆ ಮೂರನೇ ಸಾಲಿನ ಕೊನೆಯ ಬಟನ್. ನಡುವೆ ಯಾರಾದರೂ ಒಂದು ಸಾಲು ಸೇರಿಸಿದರೆ ಯಂತ್ರ ಪಕ್ಕದ ಮನೆಯ ಬಾಗಿಲು ತಟ್ಟುತ್ತಿತ್ತು.

ನನಗೆ ಆ ತಪ್ಪನ್ನು ಮೊದಲು ತೋರಿಸಿದವರು ನಾಗೇಂದ್ರಪ್ಪನವರು.

ಅವರು ಕೈಪರೀಕ್ಷಕರು. ನಾನು ಸೇರುವಾಗಲೇ ಐವತ್ತು ದಾಟಿತ್ತು. ದಾವಣಗೆರೆ ಕಡೆಯವರು, ಟೈಪಿಸ್ಟ್ ಆಗಿ ದೆಹಲಿಗೆ ಬಂದು, ಕಂಪ್ಯೂಟರ್ ಬಂದ ಮೇಲೆ ಡೇಟಾ ಎಂಟ್ರಿ ಮಾಡಿ, ಕೊನೆಗೆ ಗುತ್ತಿಗೆಯ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಅವರ ಬಳಿ ಒಂದು ಉದ್ದನೆಯ ರಿಜಿಸ್ಟರ್ ಇತ್ತು. ತಾಣದ ಪ್ರತಿಯೊಂದು ಪುಟವನ್ನು ಹೇಗೆ ಪರೀಕ್ಷಿಸಬೇಕೆಂದು ಅದರಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದರು. ಆ ರಿಜಿಸ್ಟರನ್ನು ಯಂತ್ರದ ಪರೀಕ್ಷೆಗಳನ್ನಾಗಿ ಮಾಡುವುದು ನನ್ನ ಕೆಲಸ. ಅದಕ್ಕೇ ನನ್ನ ಮೇಜು ಅವರ ಪಕ್ಕದಲ್ಲಿತ್ತು. ಕೊನೆಯ ಹೆಜ್ಜೆ ಯಂತ್ರಕ್ಕೆ ಹೋದ ದಿನ ಅವರ ಕೆಲಸ ಮುಗಿಯುತ್ತಿತ್ತು. ಇದು ಇಬ್ಬರಿಗೂ ಗೊತ್ತಿತ್ತು. ನಾವು ಅದರ ಮಾತೆತ್ತಲಿಲ್ಲ.

"ಚೈತ್ರಮ್ಮ, ನಿನ್ನ ಯಂತ್ರ ಇವತ್ತು ಕಿವಿ ಡಾಕ್ಟರನ್ನ ಬಿಟ್ಟು ಹಲ್ಲಿನ ಡಾಕ್ಟರನ್ನ ಮನೆಗೆ ಕಳಿಸಿಬಿಟ್ಟಿದೆ," ಎಂದರು ಒಂದು ಬೆಳಿಗ್ಗೆ. ಪಟ್ಟಿಯಿಂದ ಒಬ್ಬ ವೈದ್ಯರ ಹೆಸರು ತೆಗೆದುಹಾಕುವ ಪರೀಕ್ಷೆ ಅದು. ಪುಣ್ಯಕ್ಕೆ ಪ್ರಯೋಗಕ್ಕೆಂದು ಇಟ್ಟಿದ್ದ ತಾಣದ ಪ್ರತಿಯಲ್ಲಿ ನಡೆದಿತ್ತು.

"ಹೇಗೆ ಸಾಧ್ಯ ಸರ್? ಮೂರನೇ ಸಾಲು ಅಂತ ಸರಿಯಾಗಿಯೇ ಬರೆದಿದ್ದೆ."

"ಮೂರನೇ ಸಾಲಲ್ಲಿ ಇವತ್ತು ಯಾರು ಕೂತಿದ್ದಾರೆ ಅಂತ ಅದು ಯಾಕೆ ಕೇಳುತ್ತೆ? ಸಾಲು ಹಿಡಿದು ಕರೀಬೇಡ. ಹೆಸರು ಹಿಡಿದು ಕರಿ."

ಈ ಕೆಲಸದ ಬಗ್ಗೆ ನಾನು ಆಮೇಲೆ ಓದಿದ್ದೆಲ್ಲ ಈ ಮಾತಿನ ವಿಸ್ತರಣೆ ಮಾತ್ರ. ಸ್ಥಾನ ನೋಡಿ ಹುಡುಕುವ ಕಾಲ ಹೋಯಿತು. ಪ್ರೋಗ್ರಾಮರುಗಳು ಪುಟದ ಒಳಗೆ ಬಚ್ಚಿಟ್ಟ ಗುರುತುಗಳನ್ನು ಹಿಡಿದು ಹುಡುಕುವ ಕಾಲ ಬಂತು. ಆ ಗುರುತುಗಳೂ ಪ್ರತಿ ವಾರ ತಾವಾಗಿಯೇ ಬದಲಾಗತೊಡಗಿದಾಗ, ಪರೀಕ್ಷೆಗೆಂದೇ ಬೇರೆ ಗುರುತು ಹಾಕಿಸಿಕೊಂಡೆವು. ಕೊನೆಗೆ ಎಲ್ಲರೂ ಬಂದು ನಿಂತದ್ದು, ಓದುವವನ ಕಣ್ಣಿಗೆ ಬಟನ್ ಮೇಲೆ ಯಾವ ಹೆಸರು ಕಾಣುತ್ತದೋ ಅದನ್ನೇ ಹಿಡಿದು ಹುಡುಕುವಲ್ಲಿಗೆ. ಈಗಿನ ಹೊಸ ಉಪಕರಣಗಳು ವಿಳಾಸ ತಪ್ಪಿದರೆ ತಾವೇ ಊಹಿಸಿಕೊಂಡು ಹೋಗುತ್ತವಂತೆ. ಅವುಗಳ ಬಗ್ಗೆ ನಾನು ಹೇಳಲಾರೆ. ಅವು ಬಂದ ಮೇಲೆಯೇ ನಮ್ಮ ಗುಂಪನ್ನು ವಿಸರ್ಜಿಸಿದ್ದು.

ನಾಗೇಂದ್ರಪ್ಪನವರು ಗಾಜು ಬಿರಿದ ಒಂದು ಹಳೆಯ ಅಗ್ಗದ ಫೋನನ್ನು ಪರೀಕ್ಷೆಗೆಂದೇ ಇಟ್ಟುಕೊಂಡಿದ್ದರು. ಅದನ್ನು ಎಡಗೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಮೇಜಿನ ಮೇಲಿಟ್ಟು ಒತ್ತಬಾರದೇ ಎಂದು ಕೇಳಿದರೆ, "ಮೆಟ್ರೋದಲ್ಲಿ ಬಲಗೈಲಿ ಕಂಬ ಹಿಡಿದು ನೇತಾಡ್ತಾ ಇರೋನಿಗೆ ಮೇಜು ಎಲ್ಲಿಂದ ಬರಬೇಕು?" ಎನ್ನುತ್ತಿದ್ದರು. ನನ್ನ ಪರೀಕ್ಷೆಗಳು ಅಗಲವಾದ ಪರದೆಯಲ್ಲೂ ಫೋನಿನಷ್ಟು ಕಿರಿದಾದ ಪರದೆಯಲ್ಲೂ ಓಡುತ್ತಿದ್ದವು. ಹಾಗಾಗಿ ಆ ಬಿರಿದ ಫೋನು ನನಗೆ ಮುದುಕರ ಹಟವೆಂದು ಕಾಣುತ್ತಿತ್ತು.

ನಮ್ಮ ಮೇಲಿನವರು ಸೇಠಿ ಸಾಹೇಬರು. ಅವರು ಗೋಡೆಗೆ ದೊಡ್ಡ ಟಿವಿ ಹಾಕಿಸಿ ಎಲ್ಲ ಪರೀಕ್ಷೆಗಳನ್ನೂ ಅದರ ಮೇಲೆ ಚುಕ್ಕೆಗಳಾಗಿ ತೋರಿಸುತ್ತಿದ್ದರು. ಕೆಟ್ಟವರಲ್ಲ. ಪ್ರತಿ ಶುಕ್ರವಾರ ಆ ಟಿವಿಯ ಫೋಟೋ ತೆಗೆದು ತಮ್ಮ ಮೇಲಿನವರಿಗೆ ಕಳಿಸಬೇಕಿತ್ತು, ಅಷ್ಟೆ.

ಆ ಚಳಿಗಾಲದ ಕೊನೆಗೆ ನಾಲ್ಕು ನೂರಕ್ಕೂ ಹೆಚ್ಚು ಚುಕ್ಕೆಗಳಲ್ಲಿ ಮೂರು ಮಾತ್ರ ಕೆಂಪಾಗಿದ್ದವು. ಮೂರೂ ಕಿರಿದಾದ ಪರದೆಯ ಪರೀಕ್ಷೆಗಳು. ಮೂರೂ 'ಖಚಿತಪಡಿಸಿ' ಬಟನ್ನಿಗೆ ಬಂದು ನಿಲ್ಲುತ್ತಿದ್ದವು. ಒಂದು ದಿನ ಹಸಿರು, ಎರಡು ದಿನ ಕೆಂಪು. ಕಾರಣ ಪರದೆಗೆ ಅಡ್ಡಲಾಗಿ ಕಾಣುವ ಒಂದು ಸೂಚನೆಯ ಪಟ್ಟಿ. ಸಹಾಯವಾಣಿಯ ಸಮಯ ಬದಲಾಗಿದೆ ಎಂದು ತಿಳಿಸುವ ಆ ಪಟ್ಟಿ ಪುಟ ತೆರೆದ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಎದ್ದು ಬರುತ್ತಿತ್ತು. ಯಂತ್ರ ಬೇಗ ಒತ್ತಿದರೆ ಸರಿ. ತಡವಾದರೆ ಪಟ್ಟಿ ಬಟನ್ನನ್ನು ಮುಚ್ಚಿಬಿಡುತ್ತಿತ್ತು. ಆಗ ಉಪಕರಣ ಒಂದೇ ವಾಕ್ಯ ಬರೆಯುತ್ತಿತ್ತು: ನೀವು ಹೇಳಿದ ಬಟನ್ ಸಿಕ್ಕಿದೆ, ಆದರೆ ಒತ್ತಿದರೆ ಅದು ಮೇಲಿರುವ ಇನ್ನೊಂದಕ್ಕೆ ತಾಗುತ್ತದೆ.

ಆ ವಾಕ್ಯ ನನಗೆ ಅರ್ಥವಾಗಿತ್ತು. ಯಂತ್ರದ ಚೇಷ್ಟೆ ಎಂದುಕೊಂಡೆ. ನಾಗೇಂದ್ರಪ್ಪನವರ ರಿಜಿಸ್ಟರಿನಲ್ಲಿ ಅದೇ ಹೆಜ್ಜೆಯ ಮುಂದೆ 'ಪಟ್ಟಿಯನ್ನು ತೆಗೆದ ಮೇಲೆ' ಎಂದಿತ್ತು. ಪಟ್ಟಿಯನ್ನು ತೆಗೆಯುವ × ಗುರುತು ಸಾಸಿವೆಯಷ್ಟಿತ್ತು. ಅವರಿಗೇ ಮೂರು ನಾಲ್ಕು ಸಲ ಒತ್ತಬೇಕಾಗುತ್ತಿತ್ತು.

ಸೇಠಿ ಸಾಹೇಬರು ಎಲ್ಲರ ಎದುರಿಗೇ ಹಿಂದಿಯಲ್ಲಿ ಹೇಳಿದ್ದರು: "ನೋಡಿ, ಈ ಮೂರು ಕೆಂಪಾಗಿರುವವರೆಗೆ ನಾಗೇಂದ್ರ ಜೀ ಕೈಯಿಂದ ನೋಡಿಕೊಳ್ಳುತ್ತಾರೆ. ಪೂರ್ತಿ ಹಸಿರಾದ ತಿಂಗಳ ಕೊನೆಗೆ ಅವರಿಗೆ ಬಿಡುಗಡೆ. ಚಲೋ, ಕೆಲಸಕ್ಕೆ!"

ನಾವಿಬ್ಬರೂ ಒಂದೇ ಮೆಟ್ರೋದಲ್ಲಿ ಮನೆಗೆ ಹೋಗುವವರು. ನನ್ನದು ಜನಕಪುರಿ, ಅವರದು ಅದಕ್ಕೂ ಆಚೆ ನವಾದಾ. ನಾನು ಹೆಂಗಸರ ಡಬ್ಬಿ ಹತ್ತುತ್ತಿದ್ದೆ, ಅವರು ಹಿಂದಿನ ಡಬ್ಬಿಗಳಲ್ಲಿ ಎಲ್ಲಾದರೂ. ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬರುವವರೆಗೆ ಎರಡು ಮಾತು. ಆಫೀಸಿನಲ್ಲಿ 'ಸರ್' ಆಗಿದ್ದವರು ಅಲ್ಲಿ 'ಅಂಕಲ್' ಆಗುತ್ತಿದ್ದರು. ಅವರ ಹೆಂಡತಿ ಗಿರಿಜಾ ಅವರ ಹೃದಯದ ಕವಾಟ ಕೆಟ್ಟಿತ್ತು. ಹೋಳಿ ಕಳೆದ ಮೇಲಿನ ವಾರಕ್ಕೆ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಗೊತ್ತಾಗಿತ್ತು. ಅದು ನಡೆಯಬೇಕಾದದ್ದು ಕಂಪನಿ ಕೊಟ್ಟ ವಿಮೆ ಕಾರ್ಡಿನ ಮೇಲೆ. ಕೆಲಸ ಹೋದ ದಿನ ಕಾರ್ಡೂ ಹೋಗುತ್ತಿತ್ತು.

"ಅವಸರ ಮಾಡ್ಬೇಡಮ್ಮ," ಎಂದರು ಒಂದು ಸಂಜೆ, ಬರುವ ಗಾಡಿಯ ಕಡೆ ನೋಡುತ್ತಾ. "ಆ ಮೂರು ಸ್ವಲ್ಪ ಮೊಂಡು. ಹೋಳಿ ಕಳೀಲಿ."

"ನೋಡ್ತೀನಿ ಅಂಕಲ್," ಎಂದು ನನ್ನ ಡಬ್ಬಿ ಹತ್ತಿದೆ.

ಮನೆ ಮುಟ್ಟುವವರೆಗೂ ಮನಸ್ಸು ಕಹಿಯಾಗಿತ್ತು. ನನ್ನ ತಂದೆ ಸಚಿವಾಲಯವೊಂದರಲ್ಲಿ ವರದಿಗಳನ್ನು ತಯಾರಿಸುವ ಕೆಲಸದಲ್ಲಿದ್ದವರು. ನಮ್ಮ ಮನೆಯಲ್ಲಿ 'ಸುಳ್ಳು ವರದಿ' ಎಂಬುದು ಬೈಗುಳಕ್ಕಿಂತ ಕೆಟ್ಟ ಮಾತು. ನಾಗೇಂದ್ರಪ್ಪನವರು ನನ್ನಿಂದ ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡೆ: ಸರಿಮಾಡಬಹುದಾದದ್ದನ್ನು ಬೇಕೆಂದೇ ಕೆಂಪಾಗಿ ಬಿಡು. ಮರುಕಕ್ಕೆ ಸೋತು ಕೆಲಸದಲ್ಲಿ ಮೋಸ ಮಾಡಬಾರದು ಎಂದು ನಿರ್ಧರಿಸಿದೆ. ಆ ನಿರ್ಧಾರದಲ್ಲಿ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಮರುದಿನ ಆ ಮೂರು ಪರೀಕ್ಷೆಗಳಲ್ಲೂ ಒಂದೊಂದು ಸಾಲು ಬದಲಿಸಿದೆ. ಬಟನ್ ಮೇಲೆ ಏನೇ ಕೂತಿದ್ದರೂ ಲೆಕ್ಕಿಸದೆ ಪುಟದ ಒಳಗಿನಿಂದಲೇ ಅದನ್ನು ಒತ್ತುವಂತೆ ಯಂತ್ರಕ್ಕೆ ಹೇಳುವ ಸಾಲು. ಇದಕ್ಕೆ 'ಫೋರ್ಸ್' ಎನ್ನುತ್ತೇವೆ. ಮೂರೂ ಹಸಿರಾದವು. ಹತ್ತು ಸಲ ಓಡಿಸಿದೆ. ಹತ್ತು ಸಲವೂ ಹಸಿರು.

"ವಾಹ್ ಚೈತ್ರಾ ಜೀ! ಫುಲ್ ಗ್ರೀನ್!" ಸೇಠಿ ಸಾಹೇಬರು ಟಿವಿಯ ಫೋಟೋ ತೆಗೆದು ಎಲ್ಲರಿಗೂ ಸಮೋಸ ತರಿಸಿದರು. ನಾಗೇಂದ್ರಪ್ಪನವರು ಕಾಗದದ ತಟ್ಟೆ ಹಿಡಿದು ನನ್ನ ಮೇಜಿನ ಹತ್ತಿರ ಬಂದರು.

"ಹೇಗೆ ಮಾಡ್ದೆ?"

"ಸರಿಹೋಯ್ತು ಸರ್."

"ಪಟ್ಟಿ?"

"ಅದಿನ್ನು ಅಡ್ಡ ಬರಲ್ಲ."

ಯಂತ್ರದ ಮಟ್ಟಿಗೆ ಅದು ನಿಜವಾಗಿತ್ತು. ಅವರು ತಲೆಯಾಡಿಸಿ ತಮ್ಮ ಮೇಜಿಗೆ ಹೋದರು. ಬಿರಿದ ಫೋನನ್ನು ಹೊರತೆಗೆದದ್ದನ್ನು ನೋಡಿದೆ. ಏನು ಮಾಡುತ್ತಿದ್ದಾರೆ ಎಂದು ಕೇಳಲಿಲ್ಲ.

ತಿಂಗಳ ಕೊನೆಯ ದಿನ ಅವರು ರಿಜಿಸ್ಟರನ್ನು ನನ್ನ ಕೈಗಿಟ್ಟರು. "ಇನ್ನು ಇದು ನಿಂದು. ಕೊನೇ ಹಾಳೆ ಓದು," ಎಂದರು. ಹರಸಿಯೋ ವಿದಾಯ ಹೇಳಿಯೋ ಏನಾದರೂ ಬರೆದಿರುತ್ತಾರೆ ಎಂದು ನನಗೆ ಮುಜುಗರವಾಯಿತು. ಅಂಥ ಮಾತುಗಳನ್ನು ತೆಗೆದುಕೊಳ್ಳುವುದು ನನಗೆ ಬರುವುದಿಲ್ಲ. ಓದದೆ ಡ್ರಾಯರಿನಲ್ಲಿಟ್ಟೆ.

ಆ ಪಟ್ಟಿಯಿದ್ದ ತಾಣದ ಹೊಸ ಆವೃತ್ತಿ ನಾಲ್ಕು ದಿನಕ್ಕೆ ಜನರಿಗೆ ಹೊರಬಂತು. ಸಹಾಯವಾಣಿಗೆ ಕರೆಗಳು ಶುರುವಾದವು. ಎಲ್ಲವೂ ಫೋನಿನಲ್ಲಿ ನೋಡುವವರದು. ಬಟನ್ ಸತ್ತಿದೆ ಎಂದರು ಒಬ್ಬರು. ಇನ್ನೊಬ್ಬರು ಬೆಳಿಗ್ಗೆಯಿಂದ ಒತ್ತುತ್ತಿದ್ದರಂತೆ. ನಮ್ಮ ಟಿವಿಯ ಮೇಲೆ ಎಲ್ಲ ಹಸಿರೇ ಇತ್ತು. ಒಂದು ವಾರ ನಾವು ಜನರ ಫೋನುಗಳನ್ನೇ ದೂರಿದೆವು. ಕೊನೆಗೆ ಸೇಠಿ ಸಾಹೇಬರು ನಮ್ಮನ್ನು ಕೂರಿಸಿಕೊಂಡು, "ಆ ಹಳೆಯ ಮನುಷ್ಯ ಏನಾದರೂ ಬರೆದಿಟ್ಟಿದ್ದಾರೆಯೇ?" ಎಂದು ಕೇಳಿದರು.

ಡ್ರಾಯರಿನಿಂದ ರಿಜಿಸ್ಟರ್ ತೆಗೆದೆ. ಉಳಿದೆಲ್ಲ ಹಾಳೆಗಳೂ ಇಂಗ್ಲಿಷಿನಲ್ಲಿದ್ದವು. ಕೊನೆಯ ಹಾಳೆ ಕನ್ನಡದಲ್ಲಿತ್ತು. ಹಾರೈಕೆಯೂ ಇಲ್ಲ, ವಿದಾಯವೂ ಇಲ್ಲ. 'ಫೋನಿನಲ್ಲಿ ಪಟ್ಟಿ ಇನ್ನೂ ಬಟನ್ ಮೇಲೆಯೇ ಕೂರುತ್ತಿದೆ. ಇಂದು ಒಂಬತ್ತು ಸಲ ಒತ್ತಿ ನೋಡಿದೆ. ಹೀಗಿರುವಾಗ ಮೂರು ಪರೀಕ್ಷೆಗಳು ಹಸಿರಾದದ್ದು ಹೇಗೆ ಎಂದು ನೋಡುವುದು. ಹೊರಗೆ ಬಿಡುವ ಮೊದಲು ನೋಡುವುದು.'

"ಕ್ಯಾ ಲಿಖಾ ಹೈ?" ಏನು ಬರೆದಿದ್ದಾರೆ ಎಂದು ಕೇಳಿದರು ಸೇಠಿ ಸಾಹೇಬರು.

ಆ ಕೋಣೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಓದಿ ಹೇಳಿದೆ. ತಪ್ಪು ನನ್ನದು, ಕೆಂಪಾಗಿದ್ದಾಗ ಆ ಪರೀಕ್ಷೆಗಳು ನಿಜವನ್ನೇ ಹೇಳುತ್ತಿದ್ದವು ಎಂದೂ ಹೇಳಿದೆ. ಅವರು ಬೈಯಲಿಲ್ಲ. "ಅಚ್ಛಾ, ಪರವಾಗಿಲ್ಲ. ಪಟ್ಟಿಯನ್ನು ಮೇಲಕ್ಕೆ ಸರಿಸಿದರಾಯಿತು," ಎಂದರು. ಪ್ರೋಗ್ರಾಮರ್ ಒಬ್ಬ ಚಹಾ ಆರುವಷ್ಟರಲ್ಲಿ ಸರಿಸಿದ.

ಹೋಳಿಗೆ ಇನ್ನೂ ಹನ್ನೊಂದು ದಿನವಿತ್ತು. ನಾಗೇಂದ್ರಪ್ಪನವರನ್ನು ಎರಡು ತಿಂಗಳ ಮಟ್ಟಿಗಾದರೂ ವಾಪಸು ಕರೆಸಿ ಎಂದು ಕೇಳಿದೆ. ಆ ಹುದ್ದೆಯನ್ನೇ ಮುಚ್ಚಿದ್ದಾರೆ ಎಂದರು. ಬರೆದು ಕೊಟ್ಟೆ. ಸಿಬ್ಬಂದಿ ವಿಭಾಗದವರ ಬಾಗಿಲಿಗೆ ಎರಡು ಸಲ ಹೋದೆ. ಯಾರೂ ಒರಟಾಗಿ ಮಾತಾಡಲಿಲ್ಲ. ಹೋಳಿ ಬಂತು, ಹೋಯಿತು.

ಆ ಭಾನುವಾರ ನವಾದಾಕ್ಕೆ ಹೋದೆ. ಮೂರನೇ ಮಹಡಿಯ ಎರಡು ಕೋಣೆಗಳ ಮನೆ. ಗಿರಿಜಾ ಆಂಟಿ ಗೋಡೆಗೆ ದಿಂಬು ಒರಗಿಸಿಕೊಂಡು ಕೂತಿದ್ದರು. ನಾಲ್ಕು ಪದಕ್ಕೊಮ್ಮೆ ಉಸಿರಿಗೆ ನಿಲ್ಲುತ್ತಿದ್ದರು.

"ಓ, ಇವಳೇನಾ ಚೈತ್ರಾ? ಇವರು ಹೇಳಿದ್ದು ಕೇಳಿ... ದೊಡ್ಡ ಕನ್ನಡಕದ ಹೆಡ್‌ಮಿಸ್ ಅಂದ್ಕೊಂಡಿದ್ದೆ."

"ಅವಳು ಹೆಡ್‌ಮಿಸ್ಸೇ. ನನಗೇ ಮಾರ್ಕ್ಸ್ ಹಾಕ್ತಿದ್ಲು," ಎಂದರು ನಾಗೇಂದ್ರಪ್ಪನವರು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದರು. ಆಪರೇಷನ್ನಿಗೆ ಮುಂದಿನ ವರ್ಷದ ಸಂಕ್ರಾಂತಿ ಆದಮೇಲಿನ ದಿನ ಸಿಕ್ಕಿತ್ತು. ಆಂಟಿ ಕಣ್ಣು ಮುಚ್ಚಿದ ಮೇಲೆ ನಾವಿಬ್ಬರೂ ಬಾಲ್ಕನಿಗೆ ಬಂದೆವು. ನಾನು ಮೂರು ಸಾಲುಗಳ ವಿಷಯ ಹೇಳಿದೆ. ಕೊನೆಯ ಹಾಳೆ ಓದದೆ ಇಟ್ಟದ್ದನ್ನೂ ಹೇಳಿದೆ.

"ಅವತ್ತು ಪ್ಲಾಟ್‌ಫಾರ್ಮಲ್ಲಿ ನೀವು ಹೇಳಿದ್ದನ್ನ ನಾನು ತಪ್ಪು ತಿಳಿದೆ ಅಂಕಲ್. ನನ್ನ ಹತ್ರ ಸುಳ್ಳು ಹೇಳಿಸ್ತಿದ್ದೀರಿ ಅಂದ್ಕೊಂಡೆ."

ಅವರು ಕೆಳಗಿನ ಗಲ್ಲಿ ನೋಡುತ್ತಿದ್ದರು. ತರಕಾರಿ ಭಯ್ಯಾನ ಗಾಡಿ ತಿರುವು ದಾಟಿ ಹೋಯಿತು.

"ಪೂರ್ತಿ ತಪ್ಪು ತಿಳಿದಿಲ್ಲಮ್ಮ ನೀನು," ಎಂದರು ಆಮೇಲೆ. "ಪಟ್ಟಿ ಅಡ್ಡ ಇದ್ದಿದ್ದು ನಿಜ. ಹೋಳಿ ತನಕ ಹಾಗೇ ಇರಲಿ ಅಂತ ನನಗೆ ಆಸೆ ಇದ್ದಿದ್ದೂ ನಿಜ. ಆಸೆ ಇತ್ತಲ್ಲ, ಅದಕ್ಕೇ ಗಟ್ಟಿಯಾಗಿ ಹೇಳೋಕೆ ಬಾಯಿ ಬರಲಿಲ್ಲ. ಹಾಳೇಲಿ ಬರೆದೆ."

ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಹೇಳಬಲ್ಲದ್ದು ಇಷ್ಟೇ. ಬಟನ್ ಸಿಕ್ಕಿತು ಎಂಬುದಕ್ಕೂ ಬಟನ್ ಜನರ ಕೈಗೆ ಎಟಕುತ್ತದೆ ಎಂಬುದಕ್ಕೂ ಅಂತರವಿದೆ. ಯಂತ್ರ ಒತ್ತಲು ಒಪ್ಪದಿದ್ದಾಗ ಅದು ಯಾರ ಪರವಾಗಿ ಒಪ್ಪುತ್ತಿಲ್ಲ ಎಂದು ಒಮ್ಮೆ ಯೋಚಿಸಿ. ಆ 'ಫೋರ್ಸ್' ಎಂಬ ಸಾಲನ್ನು ನಾನು ಆಮೇಲೆ ಒಮ್ಮೆಯೂ ಬರೆಯಲಿಲ್ಲ. ಬರೆಯದೆ ಇದ್ದುದರಿಂದ ಯಾರಿಗೂ ಏನೂ ವಾಪಸು ಬರಲಿಲ್ಲ.

ಆ ಬೇಸಿಗೆಯಲ್ಲಿ ಕೆಲವು ಭಾನುವಾರ ಹೋಗಿಬರುತ್ತಿದ್ದೆ. ಆಂಟಿ ನನ್ನ ಕೈಯಲ್ಲಿ ಕೊತ್ತಂಬರಿ ಬಿಡಿಸಲು ಕೊಟ್ಟು, ಬಿಡಿಸುವುದು ನಿಧಾನ ಎಂದು ಗೇಲಿ ಮಾಡುತ್ತಿದ್ದರು. ಮಳೆ ಶುರುವಾದ ಮೇಲೆ ಅವರಿಗೆ ಮಲಗಿದರೂ ಉಸಿರು ಸಾಲುತ್ತಿರಲಿಲ್ಲ. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ತೀರಿಕೊಂಡರು. ಸಂಕ್ರಾಂತಿಗೆ ಇನ್ನೂ ಅರ್ಧ ವರ್ಷ ಬಾಕಿಯಿತ್ತು.

ಹದಿಮೂರು ದಿನ ಕಳೆದ ಮೇಲೆ ನಾಗೇಂದ್ರಪ್ಪನವರ ಫೋನ್ ಬಂತು. "ಆಸ್ಪತ್ರೆ ದಿನ ರದ್ದು ಮಾಡ್ಬೇಕಮ್ಮ. ಹಾಗೇ ಬಿಟ್ರೆ ಆ ದಿನ ಯಾರಿಗೂ ಸಿಗದೆ ಹೋಗುತ್ತೆ. ಕಾಯ್ತಾ ಇರೋರು ಎಷ್ಟೋ ಜನ ಇರ್ತಾರೆ. ಸೈಟ್ ತೆಗೆದು ಕೂತಿದ್ದೀನಿ, ಬಟನ್ ಸಿಕ್ತಾ ಇಲ್ಲ. ಬರ್ತೀಯಾ?"

ಹೋದೆ. ಗೋಡೆಗೆ ಒರಗಿಸಿದ್ದ ದಿಂಬು ಅಲ್ಲಿರಲಿಲ್ಲ. ಅವರು ಮಂಚದ ಮೇಲೆ ಫೋನ್ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೂತು ನೋಡಿದೆ. ಪುಟದಲ್ಲಿ ಹೆಸರು, ವಯಸ್ಸು, ಆಪರೇಷನ್ನಿನ ದಿನ. ಅದರ ಕೆಳಗೆ, ಅಂಥ ಬಟನ್ ಯಾವಾಗಲೂ ಇರುವ ಜಾಗದಲ್ಲೇ, ದೊಡ್ಡದಾಗಿ, ಕೆಂಪಾಗಿ 'ರದ್ದುಮಾಡಿ' ಎಂಬ ಬಟನ್ ಇತ್ತು. ಮೇಲೆ ಯಾವ ಪಟ್ಟಿಯೂ ಇರಲಿಲ್ಲ. ಎಷ್ಟೋ ವರ್ಷ ಬಟನ್ ಹುಡುಕಿದ ಆ ಕಣ್ಣಿಗೆ ಅದು ಕಂಡಿರಲಿಲ್ಲ ಎಂಬುದನ್ನು ನಾನು ನಂಬಲಿಲ್ಲ. ತೋರಿಸಲೂ ಇಲ್ಲ. ಇಬ್ಬರೂ ಆ ಪುಟ ನೋಡುತ್ತಾ ಕೂತೆವು. ಪರದೆ ಎರಡು ಸಲ ಮಂಕಾಯಿತು. ಎರಡು ಸಲವೂ ಅವರೇ ಮುಟ್ಟಿ ಬೆಳಗಿಸಿದರು.

"ಎಲ್ಲಿದೆ, ತೋರ್ಸು," ಎಂದರು ಕೊನೆಗೆ. "ನಾನೇ ಒತ್ತೀನಿ."

ಬೆರಳಿಟ್ಟು ತೋರಿಸಿದೆ. ಅವರು ಎಡಗೈಯಲ್ಲಿ ಫೋನ್ ಹಿಡಿದು ಹೆಬ್ಬೆರಳಿನಿಂದ ಒತ್ತಿದರು. ಮೊದಲ ಸಲಕ್ಕೇ ಒತ್ತಿಕೊಂಡಿತು. ರದ್ದುಮಾಡಲು ಕಾರಣ ಆರಿಸಿ ಎಂದು ಇನ್ನೊಂದು ಪುಟ ತೆರೆಯಿತು. ಮೂರು ಕಾರಣಗಳಿದ್ದವು: ಬೇರೆ ದಿನ ಬೇಕು, ಬೇರೆ ಕಡೆ ಚಿಕಿತ್ಸೆಯಾಗಿದೆ, ಇತರೆ.

ಅವರು ಕನ್ನಡಕ ಸರಿಮಾಡಿಕೊಂಡು ಮೂರನ್ನೂ ನಿಧಾನವಾಗಿ ಓದಿದರು. ಆಮೇಲೆ ಪುಟವನ್ನು ಇನ್ನೂ ಕೆಳಕ್ಕೆ ಸರಿಸಿ, ನಾಲ್ಕನೆಯದು ಇದೆಯೇ ಎಂದು ನೋಡಿದರು. ಇರಲಿಲ್ಲ. ಮೇಲಕ್ಕೆ ಬಂದು 'ಇತರೆ' ಒತ್ತಿದರು.